ಕೊಪ್ಪಳ, ರಾಯಚೂರಿಂದ ನ್ಯೂರೋಸೈನ್ಸ್ ಪಿಜಿಗೆ ಹೋಗೋದು ಹ್ಯಾಂಗ?

ನಮ್ಮ ಕಡೆ ಮೆದುಳಿನ ಬಗ್ಗೆ ಓದ್ಬೇಕು ಅಂದ್ರ ಸಾಕು, ನೀಟ್ ಬರಿ, ಡಾಕ್ಟರ್ ಆಗು ಅಂತಾರ. ಅದು ಒಂದು ದಾರಿ ಅಷ್ಟ. ಬಿಎಸ್ಸಿ ಓದೋರಿಗೂ ದಾರಿ ಐತಿ, ಬೆಂಗಳೂರಿನ ಐಐಎಸ್ಸಿ ನ್ಯೂರೋಸೈನ್ಸ್ ಸೆಂಟರ್‌ನ್ಯಾಗ ಪಿಎಚ್‌ಡಿಗೆ ಬಯಾಲಜಿಯೋರ ಜೊತಿಗೆ ಫಿಜಿಕ್ಸ್, ಇಂಜಿನಿಯರಿಂಗ್ ಮಾಡಿದೋರನ್ನೂ ತಗೋತಾರ. ಆದ್ರ ಡಿಗ್ರಿ ಎರಡನೇ ವರ್ಷದಾಗ ತಯಾರಿ ಶುರು ಆಗ್ಬೇಕು.

ಮೊದ್ಲು ಕಾಲೇಜ್ ಹುಡುಕಬ್ಯಾಡ್ರಿ, ನಿಮಗ ಏನು ತಿಳ್ಕೋಬೇಕು ಅನ್ನೋದನ್ನ ಹುಡುಕ್ರಿ. ನೆನಪು ಹ್ಯಾಂಗ ಉಳಿತೈತಿ ಅನ್ನೋದಾ, ಫಿಟ್ಸ್ ಯಾಕ ಬರ್ತಾವು ಅನ್ನೋದಾ, ನಿದ್ದಿನಾ? ರೋಗದ ಕಡೆ ಮನಸಿದ್ರ ನಿಮ್ಹಾನ್ಸ್ ನೋಡ್ರಿ, ಜೀವಕೋಶದ ಮಟ್ಟದ ಕೆಲಸ ಬೇಕಂದ್ರ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಸ್ಥೆ, ಮನಸು-ಗ್ರಹಿಕೆ ಕಡೆ ಒಲವಿದ್ರ ಹೈದರಾಬಾದ್ ಯೂನಿವರ್ಸಿಟಿಯ ನ್ಯೂರಲ್ ಅಂಡ್ ಕಾಗ್ನಿಟಿವ್ ಸೈನ್ಸ್ ಸೆಂಟರ್. ರಾಯಚೂರಿನೋರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ರ, ಅದನ್ನ ಬಿಡಬ್ಯಾಡ್ರಿ.

ಆಮ್ಯಾಲೆ ಕೋಡಿಂಗ್. ಇದಕ್ಕ ಲ್ಯಾಬ್ ಬೇಕಿಲ್ಲ, ಕಾಲೇಜಿನ ಕಂಪ್ಯೂಟರ್ ಸಾಕು. 1952ರಾಗ ಹಾಡ್ಜ್‌ಕಿನ್, ಹಕ್ಸ್ಲಿ ಅನ್ನೋ ಇಬ್ರು ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರತಂತು ಇಟ್ಕೊಂಡು ನರದೊಳಗ ಕರೆಂಟ್ ಹ್ಯಾಂಗ ಹರೀತೈತಿ ಅಂತ ಲೆಕ್ಕ ಬರೆದು ತೋರಿಸಿದ್ರು, 1963ರಾಗ ನೊಬೆಲ್ ಬಂತು. ನರದ ಪೊರಿಯೊಳಗ ಸೋಡಿಯಂಗೆ, ಪೊಟ್ಯಾಸಿಯಂಗೆ ಬ್ಯಾರೆ ಬ್ಯಾರೆ ಬಾಗಿಲು ಇರ್ತಾವು, ಟಿಬಿ ಡ್ಯಾಮಿನ ಕ್ರಸ್ಟ್ ಗೇಟ್ ಇದ್ದಂಗ, ಆದ್ರ ಇವನ್ನ ಎತ್ತೋದು ವೋಲ್ಟೇಜ್. ಮೊದ್ಲು ಸೋಡಿಯಂ ಒಳಗ ನುಗ್ತೈತಿ, ವೋಲ್ಟೇಜ್ ಏರ್ತೈತಿ, ಸ್ವಲ್ಪ ತಡವಾಗಿ ಪೊಟ್ಯಾಸಿಯಂ ಹೊರಗ ಹೋಗಿ ಮತ್ತ ಇಳಿಸ್ತೈತಿ, ಇದೆಲ್ಲಾ ಕೆಲವೇ ಮಿಲಿಸೆಕೆಂಡಿನ್ಯಾಗ. ಬರೀ ನಾಲ್ಕು ಡಿಫರೆನ್ಷಿಯಲ್ ಈಕ್ವೇಷನ್. ಅದನ್ನ ಪೈಥಾನ್‌ನ್ಯಾಗ ನೀವ ಬರೀರಿ, ಕರೆಂಟ್ ಹೆಚ್ಚು ಕಡಿಮಿ ಮಾಡಿ ಗ್ರಾಫ್ ನೋಡ್ರಿ. ಪುಸ್ತಕದಾಗ ನೂರು ಸಲ ಓದೋದಕ್ಕಿಂತ ಇದು ತಲಿಗೆ ಹತ್ತತೈತಿ, ಖರೇನ ಹೇಳ್ತೀನಿ. ನ್ಯೂರೋಮ್ಯಾಚ್ ಅಕಾಡೆಮಿಯ ಪಾಠಗಳು ಆನ್‌ಲೈನ್ ಪುಕ್ಕಟೆ ಅದಾವು.

ಮೂರನೇದು, ಬ್ಯಾಸಿಗಿ ರಜೆಗೆ ಒಂದು ಲ್ಯಾಬ್ ಹಿಡೀರಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡ್ತಾವು, ಎರಡು ತಿಂಗಳು, ಖರ್ಚಿಗೂ ಕೊಡ್ತಾರ. ಅರ್ಜಿಗೆ ನಿಮ್ಮ ಸರ್ ಅಥವಾ ಮೇಡಂ ಒಬ್ರು ಪತ್ರ ಬರೀಬೇಕು, ಅದಕ್ಕ ಕ್ಲಾಸಿನ್ಯಾಗ ಪ್ರಶ್ನೆ ಕೇಳೋ ರೂಢಿ ಇಟ್ಕೊಳ್ರಿ, ಅವರಿಗೆ ನಿಮ್ಮ ಪರಿಚಯ ಇರ್ಬೇಕು.

ಪರೀಕ್ಷೆ ವಿಷಯಕ್ಕ ಬಂದ್ರ, ಎನ್‌ಸಿಬಿಎಸ್‌ಗೆ ಜೆಜೀಬಿಲ್ಸ್ (JGEEBILS) ಅನ್ನೋ ಎಂಟ್ರೆನ್ಸ್, ಐಐಎಸ್ಸಿ ಪಿಎಚ್‌ಡಿಗೆ ಗೇಟ್ ಇಲ್ಲಾ ಸಿಎಸ್‌ಐಆರ್ ನೆಟ್, ನಿಮ್ಹಾನ್ಸ್‌ಗೆ ತನ್ನದ ಬ್ಯಾರೆ ಎಂಟ್ರೆನ್ಸ್ ಐತಿ. ಮನ್ಯಾಗ ರೊಕ್ಕದ ಚಿಂತಿ ಮಾಡ್ತಾರ, ಅವರಿಗೆ ಇಷ್ಟು ಹೇಳ್ರಿ: ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಆದ್ರ ತಿಂಗಳಿಗೆ 37,000 ರೂಪಾಯಿ, ಮ್ಯಾಲೆ ಮನಿ ಬಾಡಿಗಿ ಭತ್ಯೆ.

ಇನ್ನೊಂದು ಭಾಳ ಮುಖ್ಯ. ನಮ್ಮ ಕಲ್ಯಾಣ ಕರ್ನಾಟಕದೋರಿಗೆ ಇರೋ 371ಜೆ ಮೀಸಲಾತಿ ಐಐಎಸ್ಸಿಯಂಥ ಕೇಂದ್ರದ ಸಂಸ್ಥೆಗೆ ನಡೆಯಂಗಿಲ್ಲ. ಅಲ್ಲಿ 2ಎ, 3ಬಿ ಅನ್ನೋದೂ ಲೆಕ್ಕಕ್ಕಿಲ್ಲ, ಕೇಂದ್ರದ ಓಬಿಸಿ ಪಟ್ಟಿಯೊಳಗ ನಿಮ್ಮ ಜಾತಿ ಐತಾ ನೋಡ್ಕೊಂಡು, ಕೇಂದ್ರದ ನಮೂನೆಯ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್‌ಗೆ ನಾಡಕಚೇರಿಯಾಗ ಅರ್ಜಿ ಹಾಕ್ರಿ, ಕೊನಿ ದಿನಾಂಕದ ತನಕ ಕಾಯಬ್ಯಾಡ್ರಿ.