ಬಾಲಮಂದಿರದ ದೌರ್ಜನ್ಯಕ್ಕೆ ಪರಿಹಾರ: ನಿಮಗೆ ಶಿಕ್ಷೆಯಾಗಿದ್ದರೂ ಕೇಳಿ

ಚಿಕ್ಕಂದಿನಲ್ಲಿ ಹಾಸ್ಟೆಲ್‌ನಲ್ಲೋ ಬಾಲಮಂದಿರದಲ್ಲೋ ಲೈಂಗಿಕ ದೌರ್ಜನ್ಯ ಅನುಭವಿಸಿ, ಮುಂದೆ ಯಾವುದೋ ಕೇಸಿನಲ್ಲಿ ಶಿಕ್ಷೆಯೂ ಆದವರು ಪರಿಹಾರ ಕೇಳಲು ಬರುವುದೇ ಕಡಿಮೆ. ಮಂಗಳೂರಿನಲ್ಲಿ ಕಾನೂನು ಸ್ವಯಂಸೇವಕಿಯಾಗಿ ನಾನು ನೋಡಿದ್ದು ಇದನ್ನೇ. "ಜೈಲಿಗೆ ಹೋಗಿ ಬಂದವನಿಗೆ ಯಾರು ಕೊಡ್ತಾರೆ ಅಕ್ಕ?" ಅನ್ನುತ್ತಾರೆ. ಕೇಳುವ ಹಕ್ಕು ಉಂಟು, ದಯವಿಟ್ಟು ಕೇಳಿ.

ಪೋಕ್ಸೊ ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ. ಅದರ 2020ರ ನಿಯಮಗಳಲ್ಲಿ ಪರಿಹಾರ ನಿರ್ಧರಿಸಲು ಏನೇನು ನೋಡಬೇಕೆಂಬ ಪಟ್ಟಿ ಇದೆ. ದೌರ್ಜನ್ಯ ಎಷ್ಟು ಗಂಭೀರ, ಎಷ್ಟು ಸಲ ಆಯಿತು, ಓದು ನಿಂತಿತಾ, ಚಿಕಿತ್ಸೆಗೆ ಎಷ್ಟು ಖರ್ಚಾಯಿತು, ಹೀಗೆ. ಸಂತ್ರಸ್ತರ ಮೇಲೆ ಕೇಸ್ ಇತ್ತಾ ಎಂಬುದು ಅದರಲ್ಲಿಲ್ಲ. ಆರೋಪಿ ಖುಲಾಸೆಯಾದರೂ, ಪತ್ತೆಯೇ ಆಗದಿದ್ದರೂ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಎಫ್‌ಐಆರ್ ಆದ ಮೇಲೆ ಕೇಸ್ ಮುಗಿಯುವ ಮೊದಲೇ ಮಧ್ಯಂತರ ಪರಿಹಾರವನ್ನೂ ಕೇಳಬಹುದು.

ಮೊದಲು ನಿಮ್ಮ ಮೇಲಿದ್ದ ಕೇಸು ಎಂಥದ್ದು ಎಂದು ನೋಡಿ. ಹದಿನೆಂಟರ ಒಳಗಿನವರ ಕೇಸು ನೋಡುವ ಬಾಲನ್ಯಾಯ ಮಂಡಳಿಯಲ್ಲಿ ಮುಗಿದ ಕೇಸಾದರೆ ಅದರಿಂದ ಯಾವ ಅನರ್ಹತೆಯೂ ಬರುವುದಿಲ್ಲ. ಹದಿನಾರು ದಾಟಿದವರನ್ನು ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಮಾಡಿದ್ದರೆ ಮಾತ್ರ ಬೇರೆ ಮಾತು.

ಹದಿನೆಂಟು ತುಂಬುವ ಮೊದಲು ನಡೆದ ಅಪರಾಧಕ್ಕೆ ದೊಡ್ಡವರ ಕೋರ್ಟಿನಲ್ಲಿ ಶಿಕ್ಷೆಯಾಗಿದೆಯಾ? ಇಲ್ಲಿ ಸ್ವಲ್ಪ ನಿಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಕೇಸ್ ಮುಗಿದ ಮೇಲೂ "ಆಗ ನಾನು ಅಪ್ರಾಪ್ತ" ಎಂದು ಹೇಳಬಹುದು. ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನಿನ ಕ್ರೇಟ್ ಹೊರುವ ಹುಡುಗನೊಬ್ಬ ವಯಸ್ಸಿನ ಸಾಕ್ಷಿಗೆಂದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿದ ಟಿ.ಸಿ. ತಂದಿದ್ದ. ಬರೀ ಟಿ.ಸಿ.ಯನ್ನು ನೆಚ್ಚಿಕೊಂಡರೆ ಕೋರ್ಟಿನಲ್ಲಿ ತಕರಾರು ಬರುತ್ತದೆ. ಅವನ ಶಾಲೆಗೇ ಹೋದೆವು. ಹೆಡ್ ಟೀಚರ್ ಹಳೇ ದಾಖಲಾತಿ ರಿಜಿಸ್ಟರ್ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಹೆಸರು ಹುಡುಕಿ, ಜನ್ಮದಿನಾಂಕದ ಪ್ರಮಾಣಪತ್ರ ಬರೆದು ಕೊಟ್ಟರು. ಬೇಕಾದದ್ದು ಅದು, ಇಲ್ಲವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಎರಡೂ ಇಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಅದೂ ಸಿಗದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ.

ಇನ್ನು ದೂರು. ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಕಾಲಮಿತಿ ಇಲ್ಲ. 2012ರ ನವೆಂಬರ್ 14ರಿಂದ ಈಚಿನ ಘಟನೆಗೆ ಪೋಕ್ಸೊ, ಅದಕ್ಕೂ ಹಿಂದಿನದಕ್ಕೆ ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ). ತಾರೀಕು ನೆನಪಿಲ್ಲವೆಂದು ಸುಮ್ನೆ ಕೂರಬೇಡಿ. "ಏಳನೇ ಕ್ಲಾಸಿನ ಮಳೆಗಾಲ, ಅಡುಗೆಮನೆ ಪಕ್ಕದ ಕೋಣೆ" ಎಂದೇ ಬರೆಯಿರಿ. ಆಗ ಜೊತೆಗಿದ್ದವರ ಹೆಸರು ಸೇರಿಸಿ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ.

ನಿಮ್ಮ ಹಳೇ ಕೇಸನ್ನು ವಕೀಲರಿಂದ ಮುಚ್ಚಿಡಬೇಡಿ. ಎದುರು ವಕೀಲರು ಅದನ್ನು ತೆಗೆದೇ ತೆಗೆಯುತ್ತಾರೆ. ನಿಮ್ಮವರಿಗೆ ಮೊದಲೇ ಗೊತ್ತಿದ್ದರೆ ತಯಾರಾಗಿರುತ್ತಾರೆ, ಅಲ್ವಾ?

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಂಗಳೂರು, ಉಡುಪಿ ಎರಡೂ ಕಡೆ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ. ಕಸ್ಟಡಿಯಲ್ಲಿ ಇರುವವರಿಗೂ ಉಚಿತ. ಅಣ್ಣನೋ ತಮ್ಮನೋ ಮಂಗಳೂರಿನ ಕೊಡಿಯಾಲಬೈಲ್ ಜೈಲಿನಲ್ಲಿದ್ದರೆ, ಕಾನೂನು ನೆರವು ಬೇಕೆಂದು ಅವರು ಒಳಗಿನಿಂದಲೇ ಅರ್ಜಿ ಕೊಡಬಹುದು. ಆರೋಪಿ ಸಿಗದೆ ವಿಚಾರಣೆಯೇ ನಡೆಯದಿದ್ದರೆ ಪರಿಹಾರದ ಅರ್ಜಿಯನ್ನೂ ಈ ಪ್ರಾಧಿಕಾರಕ್ಕೇ ಕೊಡಬೇಕು. ಎರಡು ತಿಂಗಳಲ್ಲಿ ಅವರು ಅರ್ಜಿಯ ಪರಿಶೀಲನೆ ಮುಗಿಸಬೇಕೆಂದು ಕಾನೂನಿದೆ. ಅದಕ್ಕೇ ಅರ್ಜಿಯ ಜೆರಾಕ್ಸಿನ ಮೇಲೆ ತಾರೀಕು ಸಮೇತ ಸೀಲ್ ಹಾಕಿಸಿಕೊಳ್ಳಿ. ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.