ಯಾವ ಪುಟದಲ್ಲಿ 'ನೀವು' ಹೋಗಿ 'ನೀನು' ಬಂತು?

ಮೂರು ಭಾಗದ ಬಾಹ್ಯಾಕಾಶ ಕಾದಂಬರಿ ಬರೆಯಲು ಕೂತಾಗ ನನ್ನ ತಲೆ ತುಂಬ ನೌಕೆ, ಯುದ್ಧ, ಗುರುಗ್ರಹದ ಚಂದ್ರಗಳ ಮೇಲಿನ ಊರುಗಳೇ ಇದ್ದವು. ಐದು ಜನರನ್ನು ಒಂದು ಸರಕು ನೌಕೆಗೆ ಹತ್ತಿಸಿದರೆ ತಾವಾಗಿಯೇ ಗೆಳೆಯರಾಗುತ್ತಾರೆ ಅಂದುಕೊಂಡಿದ್ದೆ. ಮೊದಲ ಭಾಗದ ಮೂವತ್ತನೇ ಪುಟಕ್ಕೆಲ್ಲ ಒಬ್ಬರಿಗೊಬ್ಬರು ಪ್ರಾಣ ಕೊಡಲು ತಯಾರು. ಕರಡು ಓದಿದ ತಂಗಿ ಕೇಳಿದಳು: "ಇವ್ರು ಯಾವಾಗ ಫ್ರೆಂಡ್ಸ್ ಆದ್ರು? ನಾನೇ ಎಲ್ಲೋ ಪುಟ ಬಿಟ್ನಾ?"

ಪುಟ ಬಿಟ್ಟಿದ್ದು ಅವಳಲ್ಲ, ನಾನು.

ತಪ್ಪು ಎಲ್ಲಿದೆ ಅಂತ ಹುಡುಕುತ್ತಾ ಹೋದರೆ ಅದು ಸಿಕ್ಕಿದ್ದು ಸರ್ವನಾಮದಲ್ಲಿ. ಪೈಲಟ್ ಗೌರಿ, ಇಂಜಿನ್ ನೋಡಿಕೊಳ್ಳುವ ಮಾದೇವ, ಇಬ್ಬರೂ ಮೊದಲ ದಿನದಿಂದಲೇ 'ನೀನು' ಅನ್ನುತ್ತಿದ್ದರು. ಇಂಗ್ಲಿಷ್ ಕಾದಂಬರಿ ಜಾಸ್ತಿ ಓದಿದ್ದರ ಫಲ. ಅಲ್ಲಿ ಕ್ಯಾಪ್ಟನ್‌ಗೂ ಕಳ್ಳನಿಗೂ ಒಂದೇ 'ಯೂ'. ನಮ್ಮಲ್ಲಿ ಹಾಗಲ್ವಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವರು ಏಕವಚನಕ್ಕೆ ಬರಲು ಎಷ್ಟು ಟೀ ಬೇಕು! ಕೆಲವರಂತೂ ರಿಟೈರ್ ಆಗುವವರೆಗೂ 'ಬನ್ನಿ, ಹೋಗಿ'ಯಲ್ಲೇ ಇರುತ್ತಾರೆ.

ಎಲ್ಲವನ್ನೂ 'ನೀವು' ಮಾಡಿದೆ. ಐದು ಜನ ಅಂದರೆ ಹತ್ತು ಜೋಡಿ. ಮೊದಲ ಭಾಗದಲ್ಲಿ ಎರಡೇ ಜೋಡಿ ಏಕವಚನಕ್ಕೆ ಬರಬೇಕು ಅಂತ ಲೆಕ್ಕ ಹಾಕಿದೆ. ಉಳಿದದ್ದು ಮುಂದಿನ ಭಾಗಗಳಿಗೆ. ಆದರೆ ಲೆಕ್ಕ ಅಷ್ಟು ಸುಲಭ ಇರಲಿಲ್ಲ. ವಯಸ್ಸಾದ ಅಡುಗೆಯವರು ಎಲ್ಲರನ್ನೂ ಮೊದಲ ದಿನವೇ 'ನೀನು' ಅಂತಾರೆ, ಅದು ಸ್ನೇಹವಲ್ಲ. ಕ್ಯಾಪ್ಟನ್ ಮಾತ್ರ ಆ ಅಡುಗೆಯವರನ್ನು ಕೊನೆಯವರೆಗೂ 'ನೀವು' ಅಂತಾಳೆ. ನೌಕೆಯಲ್ಲಿ ಅವರಿಬ್ಬರಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ.

ಗೌರಿ-ಮಾದೇವರ ಪುಟಕ್ಕೆ ಹನ್ನೊಂದು ದಿನ ಹಿಡಿಯಿತು. ಗಾಳಿ ಸೋರುತ್ತಿದೆ. ಬಾಗಿಲು ಮುಚ್ಚಲೇಬೇಕು. ಅವನಿನ್ನೂ ಆಚೆ ಇದ್ದಾನೆ. ಮೊದಲು ಅವಳ ಬಾಯಲ್ಲಿ ದೊಡ್ಡ ಭಾಷಣ ಇಟ್ಟಿದ್ದೆ. ಕೊನೆಗೆ ಉಳಿದದ್ದು ಇಷ್ಟು: "ಏ ಮಾದೇವ, ಬಾರೋ!" ಮರುದಿನ ಬೆಳಿಗ್ಗೆ ಅವಳು ಮತ್ತೆ, "ಕಾಫಿ ಆಯ್ತಾ ಮಾದೇವ ಅವರೇ?" ಅವನು ಕಾಫಿ ಪೊಟ್ಟಣದ ಸ್ಟ್ರಾ ಕಚ್ಚಿಕೊಂಡೇ, "ನಿನ್ನೆ ಬಾರೋ ಅಂದ್ರಿ" ಅಂತಾನೆ. ಅವಳು ಏನೂ ಹೇಳದೆ ತನ್ನ ಪೊಟ್ಟಣವನ್ನೂ ಅವನ ಕಡೆ ತೇಲಿಬಿಡುತ್ತಾಳೆ.

ಮಾತಿನ ರೀತಿಯಲ್ಲೇ ಸ್ನೇಹ ತೋರಿಸುವ ಈ ಧೈರ್ಯ ಬಂದದ್ದು 1975ರಿಂದ. ಆ ಜುಲೈನಲ್ಲಿ ಅಮೆರಿಕದ ಅಪೋಲೊ, ಸೋವಿಯತ್ ಸೋಯುಜ್ ನೌಕೆಗಳು ಕೂಡಿಕೊಂಡವು. ಅಮೆರಿಕದವರು ರಷ್ಯನ್ ಮಾತಾಡುವುದು, ಸೋವಿಯತ್‌ನವರು ಇಂಗ್ಲಿಷ್ ಮಾತಾಡುವುದು ಅಂತ ಏರ್ಪಾಡಾಗಿತ್ತು. ಅಪೋಲೊ ಕಮಾಂಡರ್, ಒಕ್ಲಹೋಮ ರಾಜ್ಯದ ಟಾಮ್ ಸ್ಟಾಫರ್ಡ್ ಅವರ ರಷ್ಯನ್‌ಗೆ ಸೋಯುಜ್ ಕಮಾಂಡರ್ ಅಲೆಕ್ಸಿ ಲಿಯೊನೊವ್ 'ಒಕ್ಲಹೋಮ್‌ಸ್ಕಿ' ಅಂತ ಹೆಸರಿಟ್ಟಿದ್ದರು. 2019ರಲ್ಲಿ ಲಿಯೊನೊವ್ ತೀರಿಕೊಂಡಾಗ ಸ್ಟಾಫರ್ಡ್ ರಷ್ಯಕ್ಕೆ ಹೋಗಿ ಅಂತ್ಯಕ್ರಿಯೆಯಲ್ಲಿ ಮಾತಾಡಿದರು. (ಅಂದಹಾಗೆ, ರಷ್ಯನ್‌ನಲ್ಲೂ ನಮ್ಮ ಹಾಗೇ ನೀನು-ನೀವು ಇದೆ.) ನಾನೂ ಮಂಗಳದಲ್ಲಿ ಹುಟ್ಟಿದ ಗೌರಿಗೆ ಪುಸ್ತಕದ ಕನ್ನಡ ಕೊಟ್ಟೆ. ಅವಳು "ದಯವಿಟ್ಟು ಉಪಕರಣವನ್ನು ನೀಡಿ" ಅಂದಾಗಲೆಲ್ಲ ಮಾದೇವ ಕೈಮುಗಿದು "ತೆಗೆದುಕೊಳ್ಳಿ ತಾಯಿ" ಅಂತಾನೆ.

ಇನ್ನೊಂದು ಕಡೆ ಭೌತಶಾಸ್ತ್ರವೇ ನನ್ನ ಕೈ ಹಿಡಿಯಿತು. ಗೌರಿಯ ಬಾಲ್ಯದ ಗೆಳತಿ ಭೂಮಿಯಲ್ಲಿದ್ದಾಳೆ. ಇಬ್ಬರೂ ಆರಾಮಾಗಿ ವಿಡಿಯೋ ಕಾಲ್‌ನಲ್ಲಿ ಹರಟುವ ಹಾಗೆ ಬರೆದಿದ್ದೆ. ಆಮೇಲೆ ಲೆಕ್ಕ ಮಾಡಿದೆ. ಗುರುವಿನಿಂದ ಭೂಮಿಗೆ ಬೆಳಕು ಬರಲೇ ಸುಮಾರು 33ರಿಂದ 53 ನಿಮಿಷ ಬೇಕು. ಹರಟೆ ಹೋಯಿತು. ಈಗ ಗೌರಿ ಸಿಟ್ಟಿನಲ್ಲಿ ಒಂದು ಸಂದೇಶ ಕಳಿಸುತ್ತಾಳೆ. ಅದೇ ಹೊತ್ತಿಗೆ ಆ ಕಡೆಯಿಂದ ಗೆಳತಿಯ 'ಸಾರಿ ಕಣೇ' ಹೊರಟಿರುತ್ತದೆ. ಎರಡೂ ದಾರಿಯಲ್ಲಿ ಎದುರುಬದುರಾಗಿ ದಾಟಿ ಹೋಗುತ್ತವೆ. ತಡೆಯಲು ಆಗಲ್ಲ.

ಹೋದ ವಾರ ಎರಡನೇ ಭಾಗದ ಕರಡನ್ನು ತಂಗಿಗೆ ಕೊಟ್ಟೆ. ರಾತ್ರಿ ಹನ್ನೊಂದಕ್ಕೆ ಫೋನು. "ಲೋ, ಅರವತ್ತನೇ ಪುಟದಲ್ಲಿ ಗೌರಿ ಯಾಕೋ ಮಾದೇವಂಗೆ ಮತ್ತೆ 'ನೀವು' ಅಂದ್ಲು?"