ಕೆಂಚನ ಕೊನೆಗಾಲವನ್ನು ಗುರುತಿಸಿದ ಬಗೆ

ಮುದಿ ನಾಯಿ ಊಟ ಬಿಟ್ಟು ಮಲಗಿತೆಂದರೆ ಅದರ ಕಾಲ ಮುಗಿಯಿತೆಂದು ತೀರ್ಮಾನಿಸಬಾರದು ಎಂಬುದು ನಮ್ಮ ಕೆಂಚನ ಆರೈಕೆಯಲ್ಲಿ ನಾನು ಮೊದಲು ಕಲಿತ ವಿಷಯ. ಅವನಿಗೆ ಹನ್ನೆರಡು ತುಂಬಿದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ಒಸಡು ಬಿಳಿಚಿಕೊಂಡು ಏಳಲಾರದೆ ಬಿದ್ದುಕೊಂಡಿದ್ದ. ವಯಸ್ಸಾಯಿತು, ಬಿಟ್ಟುಬಿಡಿ ಎಂದವರೇ ಹೆಚ್ಚು. ರಕ್ತಪರೀಕ್ಷೆಯಲ್ಲಿ ಅದು ಉಣ್ಣೆಹುಳುವಿನಿಂದ ಹರಡುವ ಎರ್ಲಿಕಿಯಾ ಸೋಂಕೆಂದು ತಿಳಿಯಿತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಅವನು ಮತ್ತೆ ತೋಟಕ್ಕೆ ನನ್ನ ಹಿಂದೆಯೇ ಬರತೊಡಗಿದ. ಹಲ್ಲಿನ ಹುಳುಕು, ಮೂತ್ರದ ಸೋಂಕು, ಕೀಲುನೋವು ಇವೂ ನಾಯಿಯನ್ನು ಹೀಗೆಯೇ ಮಂಕಾಗಿಸುತ್ತವೆ. ಆದ್ದರಿಂದ ಗುಣವಾಗಬಲ್ಲ ಕಾಯಿಲೆ ಯಾವುದೂ ಇಲ್ಲವೆಂದು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳುವುದೇ ಮೊದಲ ಕೆಲಸವೆಂದು ನಾನು ದೃಢವಾಗಿ ನಂಬುತ್ತೇನೆ.

ಮರುವರ್ಷ ಬಂದದ್ದು ಬೇರೆ ಬಗೆಯದು. ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ, ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದ ತೂಕ. ಪರೀಕ್ಷೆ ಮಾಡಿಸಿದಾಗಲೆಲ್ಲ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋತಾಗ ರಕ್ತದಲ್ಲಿ ಉಳಿದುಬಿಡುವ ತ್ಯಾಜ್ಯ, ಏರುತ್ತಲೇ ಇತ್ತು. ಮೂತ್ರಪಿಂಡದ ಈ ಹಾನಿಯನ್ನು ನಿಧಾನಗೊಳಿಸಬಹುದೇ ಹೊರತು ಸರಿಪಡಿಸಲಾಗದು ಎಂದು ವೈದ್ಯರು ಹೇಳಿದ ದಿನದಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ರೋಗದ ಲಕ್ಷಣಗಳಿಗಿಂತ ಮೊದಲು ಬರೆದದ್ದು ಕೆಂಚನಿಗೆ ಪ್ರಿಯವಾದ ಮೂರು ಸಂಗತಿಗಳನ್ನು: ಬೈಕಿನ ಸದ್ದಿಗೆ ಗೇಟಿನವರೆಗೆ ಬರುವುದು, ಅಮ್ಮ ಕಲಸಿದ ಮೊಸರನ್ನ, ಬೆಳಗಿನ ಬಿಸಿಲಲ್ಲಿ ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ ಮಲಗುವುದು. ಇವುಗಳಲ್ಲಿ ಎರಡಾದರೂ ನಡೆದ ದಿನವನ್ನು ಒಳ್ಳೆಯ ದಿನವೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೊಬೋಸ್ 2004ರಲ್ಲಿ ರೂಪಿಸಿದ ಅಳತೆಪಟ್ಟಿಯನ್ನೂ ಬಳಸಿದೆ. ನೋವು, ಹಸಿವು, ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಅಂಶಗಳಿಗೆ ತಲಾ 10 ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು, ಒಟ್ಟು 35 ದಾಟಿದರೆ ಬದುಕು ಸಹನೀಯ. ನನಗೆ ಆ ಅಂಕಕ್ಕಿಂತ ಅದು ಇಳಿಯುತ್ತಿದ್ದ ರೀತಿಯೇ ಹೆಚ್ಚು ತಿಳಿಸಿತು.

ಕೊನೆಗೆ ಲಕ್ಷಣಗಳು ಒಂದರ ಮೇಲೊಂದು ಬಂದವು. ಬಾಯಿಂದ ಅಮೋನಿಯಾದಂಥ ಗಬ್ಬುವಾಸನೆ, ವಾಂತಿ ತಡೆಯುವ ಔಷಧಿ ಕೊಟ್ಟರೂ ತಟ್ಟೆ ಕಂಡೊಡನೆ ತುಟಿ ನೆಕ್ಕಿಕೊಂಡು ಮುಖ ತಿರುಗಿಸುವುದು, ಮಲಗಿದಲ್ಲೇ ಮೂತ್ರ, ಕರೆದರೂ ಬಾರದೆ ಕೊಟ್ಟಿಗೆಯ ಮೂಲೆ ಸೇರುವುದು. ನಿದ್ದೆಯಲ್ಲಿರುವ ನಾಯಿಯ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 30ರೊಳಗಿರಬೇಕು. ಅವನದು ತಂಪಾದ ರಾತ್ರಿಗಳಲ್ಲೂ ಅದನ್ನು ಮೀರುತ್ತಿತ್ತು. ಬೆರಳಿನಿಂದ ಒಸಡನ್ನು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು, ಅದೂ ತಡವಾಗತೊಡಗಿತು. ಈ ಹಂತದಲ್ಲಿ ಬಲವಂತವಾಗಿ ಬಾಯಿಗೆ ಗಂಜಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ನಮ್ಮ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನಂತೂ ಕೊಡಲೇಬಾರದು.

ಕ್ಯಾಲೆಂಡರಿನಲ್ಲಿ ಇಡೀ ವಾರ ಒಂದೂ ಗುರುತು ಬೀಳದಿದ್ದಾಗ ನೋಟ್‌ಬುಕ್ಕನ್ನು ವೈದ್ಯರ ಮುಂದಿಟ್ಟೆ, ದಯಾಮರಣವೇ ಸರಿ ಎಂದು ಇಬ್ಬರೂ ಒಪ್ಪಿದೆವು. ಅವರು ಮನೆಗೇ ಬಂದರು. ಮೊದಲು ಮಂಪರಿನ ಚುಚ್ಚುಮದ್ದು, ಅವನು ಗಾಢವಾಗಿ ಮಲಗಿದ ಮೇಲೆ ರಕ್ತನಾಳಕ್ಕೆ ಎರಡನೆಯದು. ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಹೃದಯ ನಿಂತ ಮೇಲೂ ಒಂದೆರಡು ಬಾರಿ ಉಸಿರೆಳೆದಂತೆ ಕಾಣಬಹುದು, ಅದು ಸ್ನಾಯುಗಳ ಚಲನೆಯೇ ಹೊರತು ನೋವಲ್ಲ ಎಂದು ಅವರು ಮುಂಚಿತವಾಗಿಯೇ ವಿವರಿಸಿದ್ದರಿಂದ, ಅಮ್ಮನೂ ಮಕ್ಕಳೂ ಗಾಬರಿಯಾಗದೆ ಕೊನೆಯವರೆಗೂ ಅವನ ತಲೆ ಸವರುತ್ತ ಕುಳಿತಿರಲು ಸಾಧ್ಯವಾಯಿತು.